ಪಿ.ವಿ. ಸತೀಶರ ದೃಶ್ಯಮಾಧ್ಯಮ ಕಾರ್ಯ ಮತ್ತು ಅಂತರರಾಷ್ಟ್ರೀಯ ಮನ್ನಣೆ: ರಾಯಚೂರು ಸೀಮೆಯ ಹಿನ್ನೆಲೆಯಲ್ಲಿ ಒಂದು ಅವಲೋಕನ

ಭಾರತದ ತನಿಖಾ ಪತ್ರಿಕೋದ್ಯಮಕ್ಕೆ ದೊರೆತ ಅಂತರರಾಷ್ಟ್ರೀಯ ಮನ್ನಣೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ರಾಮನ್ ಮ್ಯಾಗ್ಸೆಸೆ ಪ್ರಶಸ್ತಿಯಿಂದ ಆರಂಭಿಸುತ್ತಾರೆ. ಬಂಗಾಳಿ ದಿನಪತ್ರಿಕೆ ‘ಜುಗಾಂತರ್’ನ ಅಮಿತಾಭ ಚೌಧರಿ ಅವರಿಗೆ 1961ರಲ್ಲಿ ಆ ಗೌರವ ಸಂದಿತು. ಮುಂದೆ 1975ರಲ್ಲಿ ಬಿ.ಜಿ. ವರ್ಗೀಸ್, 1982ರಲ್ಲಿ ಅರುಣ್ ಶೌರಿ, 2007ರಲ್ಲಿ ಪಿ. ಸಾಯಿನಾಥ್ ಅವರು ಅದನ್ನು ಪಡೆದರು. ಇವರೆಲ್ಲರೂ ಅಚ್ಚಿನ ಪತ್ರಿಕೆಯವರು. ಹಿಂದಿ ದೂರದರ್ಶನ ವಾಹಿನಿಯ ವರದಿಗಾರ ರವೀಶ್ ಕುಮಾರ್ ಅವರಿಗೆ ಇದೇ ಪ್ರಶಸ್ತಿ ಸಂದದ್ದು 2019ರಲ್ಲಿ. ಅಚ್ಚಿನ ವರದಿಗಾರನಿಂದ ದೇಶಭಾಷೆಯ ದೂರದರ್ಶನ ವರದಿಗಾರನವರೆಗೆ ಬರಲು ಮನ್ನಣೆಯ ಈ ಒಂದು ದಾರಿಗೆ ಐವತ್ತೆಂಟು ವರ್ಷಗಳು ಬೇಕಾದವು ಎಂಬುದು ಗಮನಾರ್ಹ. ಕನ್ನಡ ನಾಡಿನ ಮಟ್ಟಿಗೆ ಹೇಳುವುದಾದರೆ, ಮೈಸೂರಿನಲ್ಲಿ ಹುಟ್ಟಿ ಬೆಳೆದ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ (1984) ಮತ್ತು ಹೆಗ್ಗೋಡಿನ ಕೆ.ವಿ. ಸುಬ್ಬಣ್ಣ (1991) ಅವರು ಈ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತಾರೆ. ದೂರದರ್ಶನದ ಕ್ಯಾಮೆರಾ ಹಿಡಿದು ಹಳ್ಳಿಗೆ ಹೋದ ಕನ್ನಡಿಗನೊಬ್ಬನ ಹೆಸರು ಅಲ್ಲಿಲ್ಲ.

ಆ ಹೆಸರನ್ನು ಬೇರೆ ಕಡೆ ಹುಡುಕಬೇಕಾಗುತ್ತದೆ. ಪಿರಿಯಾಪಟ್ಟಣ ವೆಂಕಟಸುಬ್ಬಯ್ಯ ಸತೀಶ್ ಅವರು 1945ರಲ್ಲಿ ಮೈಸೂರಿನಲ್ಲಿ ಜನಿಸಿದರು. ದೆಹಲಿಯ ಭಾರತೀಯ ಸಮೂಹ ಸಂವಹನ ಸಂಸ್ಥೆಯಲ್ಲಿ ಅಧ್ಯಯನ ಮಾಡಿ ಪತ್ರಕರ್ತರಾಗಿ ವೃತ್ತಿ ಆರಂಭಿಸಿ, ಬಳಿಕ ಸುಮಾರು ಎರಡು ದಶಕಗಳ ಕಾಲ ದೂರದರ್ಶನದಲ್ಲಿ ಗ್ರಾಮೀಣ ಕಾರ್ಯಕ್ರಮಗಳ ನಿರ್ಮಾಪಕರಾಗಿದ್ದರು. 1983ರಲ್ಲಿ ಗೆಳೆಯರೊಡನೆ ಅವರು ಕಟ್ಟಿದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಗೆ 2019ರಲ್ಲಿ, ಅಂದರೆ ರವೀಶ್ ಕುಮಾರ್ ಅವರು ಮನಿಲಾದಲ್ಲಿ ಪ್ರಶಸ್ತಿ ಸ್ವೀಕರಿಸಿದ ವರ್ಷವೇ, ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ದೊರೆಯಿತು. ಅದು ಪತ್ರಿಕೋದ್ಯಮದ ಪ್ರಶಸ್ತಿಯಾಗಿರಲಿಲ್ಲ. ಆದರೆ ಅದಕ್ಕೆ ಪಾತ್ರವಾದ ಕೆಲಸದ ಬಹುದೊಡ್ಡ ಭಾಗ ದೃಶ್ಯಮಾಧ್ಯಮದ ಕೆಲಸವಾಗಿತ್ತು. ಅದರ ಅತ್ಯಂತ ಗಟ್ಟಿಯಾದ ಭಾಗವು ತನಿಖಾ ವರದಿಯ ಸ್ವರೂಪದ್ದಾಗಿತ್ತು. ಈ ಕೆಲಸದ ಮೂಲ ಪ್ರಶ್ನೆಗಳು ಹುಟ್ಟಿದ ಸಂದರ್ಭದಲ್ಲಿ ರಾಯಚೂರು ಜಿಲ್ಲೆಗೂ ಒಂದು ಪಾಲಿದೆ. ಆ ಪಾಲು ಯಾವುದು, ಅದು ಮುಂದೆ ಏನಾಯಿತು ಎಂಬುದನ್ನು ಜಾನಪದ ಅಧ್ಯಯನದ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕರ್ನಾಟಕಕ್ಕೆ ದೂರದರ್ಶನವು ಬೆಂಗಳೂರಿನ ಮೂಲಕ ಬರಲಿಲ್ಲ. ಬೆಂಗಳೂರು ಕೇಂದ್ರ ಆರಂಭವಾದದ್ದು 1981ರಲ್ಲಿ. ಅದಕ್ಕೆ ಆರು ವರ್ಷ ಮೊದಲೇ, 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ರಾಯಚೂರು, ಗುಲ್ಬರ್ಗಾ ಮತ್ತು ಬಿಜಾಪುರ ಜಿಲ್ಲೆಗಳ ಆಯ್ದ ಹಳ್ಳಿಗಳಲ್ಲಿ ಉಪಗ್ರಹದಿಂದ ನೇರವಾಗಿ ಇಳಿದ ಚಿತ್ರಗಳನ್ನು ಜನ ನೋಡಿದರು. ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗ ಎಂಬ ಉದ್ದ ಹೆಸರಿನ, ‘ಸೈಟ್’ ಎಂದು ಸಂಕ್ಷಿಪ್ತವಾಗಿ ಕರೆಯಲಾಗುವ ಈ ಯೋಜನೆಯು ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ ಮತ್ತು ಅಮೆರಿಕದ ನಾಸಾ ಸಂಸ್ಥೆಗಳ ಒಪ್ಪಂದದ ಫಲ. ವಿಕ್ರಮ್ ಸಾರಾಭಾಯಿ ಅವರ ಕನಸಾಗಿದ್ದ ಇದು ಅವರ ನಿಧನಾನಂತರ ಕೈಗೂಡಿತು. ಆರು ರಾಜ್ಯಗಳ 20 ಜಿಲ್ಲೆಗಳಲ್ಲಿ ಸುಮಾರು 2,400 ಹಳ್ಳಿಗಳನ್ನು ಇದಕ್ಕಾಗಿ ಆರಿಸಲಾಗಿತ್ತು. ಹಿಂದುಳಿದಿರುವಿಕೆಯೇ ಆಯ್ಕೆಯ ಮಾನದಂಡವಾಗಿತ್ತು. ಹೈದರಾಬಾದ್ ಸಂಸ್ಥಾನದಿಂದ 1948ರಲ್ಲಿ ಬಿಡುಗಡೆ ಹೊಂದಿ 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ, ಕೃಷ್ಣಾ ಮತ್ತು ತುಂಗಭದ್ರೆಯರ ನಡುವಿನ ಈ ಎರೆಭೂಮಿಯ ಸೀಮೆಯನ್ನು ಆ ಕಾರಣಕ್ಕಾಗಿಯೇ ಆಕಾಶದ ಕಣ್ಣು ಮೊದಲು ಕಂಡಿತು. ಇಂದಿನ ಕೊಪ್ಪಳ ಜಿಲ್ಲೆಯೂ ಆಗ ರಾಯಚೂರಿನ ಭಾಗವೇ ಆಗಿತ್ತು.

ಶಾಲೆ, ಪಂಚಾಯತಿ ಕಟ್ಟೆಗಳಲ್ಲಿ ದೂರದರ್ಶನ ಪೆಟ್ಟಿಗೆಯನ್ನು ಇರಿಸಿ, ಕೋಳಿಗೂಡಿಗೆ ಹೆಣೆಯುವಂಥ ತಂತಿಬಲೆಯಿಂದ ಮಾಡಿದ ಮೂರು ಮೀಟರ್ ಅಗಲದ ಆಂಟೆನಾವನ್ನು ಪಕ್ಕದಲ್ಲಿ ನಿಲ್ಲಿಸಲಾಗುತ್ತಿತ್ತು. ಬೆಳಗ್ಗೆ ಒಂದೂವರೆ ಗಂಟೆ ಶಾಲಾ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ಊರವರಿಗೆ ಪ್ರಸಾರ. ಕೃಷಿ, ಆರೋಗ್ಯ, ಕುಟುಂಬ ಯೋಜನೆ, ರಾಷ್ಟ್ರೀಯ ಐಕ್ಯ ಅದರ ವಿಷಯಗಳು. ಕನ್ನಡ ಮತ್ತು ತೆಲುಗು ಕಾರ್ಯಕ್ರಮಗಳು ಸಿದ್ಧವಾಗುತ್ತಿದ್ದದ್ದು ಹೈದರಾಬಾದಿನ ನಿರ್ಮಾಣ ಕೇಂದ್ರದಲ್ಲಿ; ಒಂದೇ ಚಿತ್ರಕ್ಕೆ ಎರಡು ಭಾಷೆಯ ಧ್ವನಿಯನ್ನು ಜೋಡಿಸಲು ಉಪಗ್ರಹದಲ್ಲಿ ಅನುಕೂಲವಿತ್ತು. ಸತೀಶ್ ಅವರು ಈ ಪ್ರಯೋಗದಲ್ಲಿ ಮುಂಚೂಣಿಯಲ್ಲಿ ದುಡಿದವರಲ್ಲಿ ಒಬ್ಬರು.

ತಾಂತ್ರಿಕವಾಗಿ ಸೈಟ್ ಒಂದು ಸಾಹಸವೇ ಸರಿ. ಸಂವಹನದ ದೃಷ್ಟಿಯಿಂದ ಅದು ಏಕಮುಖವಾಗಿತ್ತು. ಉಪಗ್ರಹದಿಂದ ಚಿತ್ರ ಇಳಿಯುತ್ತಿತ್ತು. ಹಳ್ಳಿಯಿಂದ ಏನೂ ಏರುತ್ತಿರಲಿಲ್ಲ. ಮಾನ್ವಿಯ ಕಡೆಯ ರೈತನಿಗೂ ದೇವದುರ್ಗದ ಕಡೆಯ ಕೂಲಿಕಾರ ಮಹಿಳೆಗೂ ತಿಳಿಸಬೇಕಾದದ್ದೇನು ಎಂಬುದನ್ನು ನಿರ್ಧರಿಸುವವರು ಹೈದರಾಬಾದ್, ದೆಹಲಿ, ಅಹಮದಾಬಾದ್‌ಗಳಲ್ಲಿ ಕುಳಿತಿದ್ದರು. ನೋಡುವವರ ಪ್ರತಿಕ್ರಿಯೆಯನ್ನು ಅಳೆಯಲು ಮಾನವಶಾಸ್ತ್ರಜ್ಞರನ್ನು ಕೆಲವು ಹಳ್ಳಿಗಳಲ್ಲಿ ನೆಲೆಸುವಂತೆ ಮಾಡಲಾಗಿತ್ತು ಎಂಬುದು ಪ್ರಯೋಗದ ಹೆಚ್ಚುಗಾರಿಕೆ. ಆದರೆ ಅಳೆಯುವುದು ಬೇರೆ, ಮಾತನಾಡಗೊಡುವುದು ಬೇರೆ. ಗುಜರಾತಿನ ಖೇಡಾ ಜಿಲ್ಲೆಯ ಪೀಜ್‌ನಲ್ಲಿ ಇದೇ ಅವಧಿಯಲ್ಲಿ ಒಂದು ಪುಟ್ಟ ಸ್ಥಳೀಯ ಪ್ರಸಾರಕವನ್ನು ಸ್ಥಾಪಿಸಿ, ಅಲ್ಲಿನ ಜನರನ್ನೇ ನಟರನ್ನಾಗಿಸಿ, ಅವರ ಕೂಲಿ, ಜಾತಿ, ಶೋಷಣೆಗಳ ಕಥೆಯನ್ನೇ ಕಾರ್ಯಕ್ರಮವಾಗಿಸಲಾಯಿತು. ಖೇಡಾ ಯೋಜನೆಗೆ 1980ರ ದಶಕದ ಮಧ್ಯದಲ್ಲಿ ಯುನೆಸ್ಕೊದ ಗ್ರಾಮೀಣ ಸಂವಹನ ಪ್ರಶಸ್ತಿ ಸಂದಿತು. ರಾಯಚೂರಿಗೆ ಅಂಥ ಪ್ರಸಾರಕವು ದಕ್ಕಲಿಲ್ಲ. ಸೈಟ್‌ನ ಮುಂದುವರಿಕೆಯಾಗಿ 1977ರಲ್ಲಿ ಗುಲ್ಬರ್ಗಾದಲ್ಲಿ ಕೇಂದ್ರವೊಂದು ಆರಂಭವಾದದ್ದೇ ಈ ಭಾಗಕ್ಕೆ ಉಳಿದ ಫಲ.

ಜಾನಪದ ವಿದ್ವಾಂಸರಿಗೆ ಈ ಏಕಮುಖತೆ ಎದ್ದು ಕಾಣುವುದಕ್ಕೆ ಕಾರಣವಿದೆ. ರಾಯಚೂರು ಸೀಮೆಯು ವರದಿಯ ಪರಂಪರೆಯಿಲ್ಲದ ಸೀಮೆಯಲ್ಲ. ಬರ, ನೆರೆ, ಕೊಲೆ, ದಂಗೆ, ಸಾಹುಕಾರನ ಮೋಸ, ಅಧಿಕಾರಿಯ ದರ್ಪಗಳನ್ನು ಉತ್ತರ ಕರ್ನಾಟಕದ ಲಾವಣಿಕಾರರು ಹಾಡಿದ್ದಾರೆ. ಮುದಗಲ್ಲಿನ ಮೊಹರಂ ನಾಡಿನಲ್ಲೆಲ್ಲ ಹೆಸರಾದದ್ದು. ಮೊಹರಂ ದಿನಗಳಲ್ಲಿ ಈ ಭಾಗದ ಊರೂರಿನಲ್ಲಿ ಹಾಡುವ ರಿವಾಯತ್ ಪದಗಳಲ್ಲಿ ಕರ್ಬಲಾದ ಶೋಕದ ಜೊತೆಗೆ ಆಯಾ ಕಾಲದ ಸಂಗತಿಗಳೂ ಸೇರಿಕೊಳ್ಳುತ್ತವೆ. ಹದಿನೆಂಟನೆಯ ಶತಮಾನದ ಕೊನೆಯ ಡೋಗಿ ಬರದ ನೆನಪು ದಾಖಲೆಗಳಿಗಿಂತ ಗಟ್ಟಿಯಾಗಿ ಜನರ ಬಾಯಲ್ಲಿ ಉಳಿದಿದೆ. ಲಾವಣಿಯ ಒಂದು ನಿಯಮವಂತೂ ವರದಿಗಾರಿಕೆಯ ನಿಯಮವೇ ಆಗಿದೆ. ಹಾಡು ಮುಗಿಯುವಲ್ಲಿ ಕವಿಯು ತನ್ನ ಊರು, ಗುರು ಮತ್ತು ಹೆಸರನ್ನು ಹೇಳಿಕೊಳ್ಳುತ್ತಾನೆ. ಇದನ್ನು ಕೇವಲ ಮುದ್ರಿಕೆ ಎಂದು ಭಾವಿಸಬೇಕಾಗಿಲ್ಲ. ಹೇಳಿದ ಮಾತಿಗೆ ತಾನು ಹೊಣೆ ಎಂಬ ಘೋಷಣೆ ಅದು. ಕೇಳುಗರು ಎದ್ದು ನಿಂತು ಪ್ರಶ್ನಿಸಬಹುದಾದಷ್ಟು ಹತ್ತಿರದಲ್ಲಿ ಹಾಡುಗಾರನು ನಿಂತಿರುತ್ತಾನೆ. ಸೈಟ್ ತಂದ ಪೆಟ್ಟಿಗೆಯ ಎದುರಿಗೆ ಕುಳಿತ ಜನರಿಗೆ ಆ ಸೌಲಭ್ಯವಿರಲಿಲ್ಲ.

ದೂರದರ್ಶನದ ಒಳಗಿದ್ದುಕೊಂಡೇ ಈ ಕೊರತೆಯನ್ನು ಕಂಡವರಲ್ಲಿ ಸತೀಶ್ ಒಬ್ಬರು. ಅವರ ಮುಂದಿನ ನಾಲ್ಕು ದಶಕಗಳ ಕೆಲಸವನ್ನು ಆ ಪ್ರಯೋಗದ ಪ್ರಶ್ನೆಗಳಿಗೆ ನೀಡಿದ ಉತ್ತರವೆಂದು ಓದಲು ಅವಕಾಶವಿದೆ. ಬೀದರ್ ಜಿಲ್ಲೆಯ ಗಡಿಗೆ ಹೊಂದಿಕೊಂಡ ಜಹೀರಾಬಾದ್ ಪ್ರದೇಶ, ಆಗ ಆಂಧ್ರಪ್ರದೇಶದ ಮೆದಕ್ ಜಿಲ್ಲೆಗೆ ಸೇರಿದ್ದು ಈಗ ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯಲ್ಲಿದೆ. ಅಲ್ಲಿನ ಪಸ್ತಾಪುರವನ್ನು ಕೇಂದ್ರವಾಗಿಸಿಕೊಂಡು ಸಂಸ್ಥೆ ಬೆಳೆಯಿತು. ಊರೂರಿನಲ್ಲಿ ಬಹುತೇಕ ದಲಿತ ಮಹಿಳೆಯರ ‘ಸಂಘಂ’ಗಳು ರೂಪುಗೊಂಡವು. ಬೀಳುಬಿದ್ದ ಭೂಮಿಯನ್ನು ಜೋಳ, ಸಜ್ಜೆ, ನವಣೆಗಳಿಗೆ ಮರಳಿಸಿ, 1990ರ ದಶಕದ ಮಧ್ಯದಲ್ಲಿ ಊರಿನ ಜೋಳವನ್ನೇ ಊರಿನ ಬಡವರಿಗೆ ಹಂಚುವ ಬದಲಿ ಪಡಿತರ ವ್ಯವಸ್ಥೆಯನ್ನೂ ಈ ಸಂಘಗಳು ನಡೆಸಿದವು. ಮಳೆ ನೀರಾವರಿಗಳ ಹಂಗಿಲ್ಲದೆ ಹಿಂಗಾರಿನ ಇಬ್ಬನಿಗೆ ಬೆಳೆಯುವ ಪೈರುಗಳನ್ನು ಅಲ್ಲಿನ ಮಹಿಳೆಯರು ‘ಸತ್ಯದ ಬೆಳೆಗಳು’ ಎಂದು ಕರೆಯುತ್ತಾರೆ. ರಾಯಚೂರಿನ ಎರೆಯಲ್ಲಿ ಬಿಳಿಜೋಳ, ಕುಸುಬಿ, ಕಡಲೆ ಬೆಳೆದ ಯಾರಿಗೂ ಈ ಹೆಸರಿನ ಅರ್ಥವನ್ನು ವಿವರಿಸಬೇಕಾಗಿಲ್ಲ.

1990ರ ದಶಕದ ಕೊನೆಯ ವೇಳೆಗೆ ಈ ಮಹಿಳೆಯರ ಕೈಗೆ ವಿಡಿಯೋ ಕ್ಯಾಮೆರಾ ಬಂದಿತು. ಅವರಲ್ಲಿ ಹೆಚ್ಚಿನವರು ಓದುಬರಹ ಬಲ್ಲವರಲ್ಲ. ಚಲನಚಿತ್ರ ಕಲಿಕೆಯ ಪರಿಭಾಷೆಯು ಅವರ ಮುಂದೆ ನಿಲ್ಲಲಿಲ್ಲ. ಅವರು ತಮ್ಮದೇ ಪರಿಭಾಷೆಯನ್ನು ಕಟ್ಟಿಕೊಂಡರು. ಎತ್ತರದಿಂದ ಕೆಳಗೆ ನೋಡುವ ಕೋನಕ್ಕೆ ಅವರು ಇಟ್ಟ ಹೆಸರು ‘ಪಟೇಲ್ ಶಾಟ್’. ಜಗಲಿಯ ಮೇಲೆ ಕುಳಿತ ಪಟೇಲನು ಅಂಗಳದಲ್ಲಿ ನಿಂತವರನ್ನು ಹಾಗೆಯೇ ನೋಡುತ್ತಾನಷ್ಟೆ. ಕೆಳಗಿನಿಂದ ಮೇಲಕ್ಕೆ ನೋಡುವ ಕೋನ ಜೀತದಾಳಿನದು, ಆದ್ದರಿಂದ ಅದು ‘ಗುಲಾಮನ ಶಾಟ್’. ಕಣ್ಣಿಗೆ ಕಣ್ಣು ಸಮನಾಗಿರುವ ಕೋನವೇ ‘ಸಂಘಂ ಶಾಟ್’. ಏಕೆಂದರೆ ಸಂಘದ ಸಭೆಯಲ್ಲಿ ಎಲ್ಲರೂ ನೆಲದ ಮೇಲೆ ಸುತ್ತಲೂ ಕೂರುತ್ತಾರೆ. ತಮ್ಮ ಚಿತ್ರಗಳಿಗೆ ಅವರು ಆರಿಸಿಕೊಂಡದ್ದು ಈ ಮೂರನೆಯದನ್ನು.

ಜಾನಪದ ಪಾರಿಭಾಷಿಕಗಳು ಹೇಗೆ ಹುಟ್ಟುತ್ತವೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ಇತ್ತೀಚಿನ ದಶಕಗಳಲ್ಲಿ ಕಾಣುವುದು ಕಷ್ಟ. ಹೊಸ ಯಂತ್ರವೊಂದು ಊರಿಗೆ ಬಂದಾಗ ಜನ ಅದರ ಭಾಗಗಳಿಗೆ ತಮ್ಮ ದೇಹದ, ದನಕರುಗಳ, ಮನೆಯ ಭಾಗಗಳ ಹೆಸರಿಡುವುದು ಸಾಮಾನ್ಯ. ಇಲ್ಲಿ ಹೆಸರು ಬಂದದ್ದು ಊರಿನ ಅಧಿಕಾರ ಸಂಬಂಧಗಳಿಂದ. ಕ್ಯಾಮೆರಾ ಎಲ್ಲಿ ನಿಲ್ಲುತ್ತದೆ ಎಂಬುದು ಯಾರು ಎಲ್ಲಿ ಕೂರುತ್ತಾರೆ ಎಂಬುದರ ಪ್ರಶ್ನೆಯೇ ಎಂದು ಅವರು ಕಂಡುಕೊಂಡರು. ದೃಶ್ಯಮಾಧ್ಯಮದ ಸೈದ್ಧಾಂತಿಕರು ಬಹಳ ಪುಟಗಳಲ್ಲಿ ಹೇಳುವುದನ್ನು ಮೂರು ಪದಗಳು ಹೇಳುತ್ತವೆ. ಈ ಪದಗಳು ಸತೀಶ್ ಅವರ ಸೃಷ್ಟಿಯಲ್ಲ, ಮಹಿಳೆಯರ ಸೃಷ್ಟಿ. ದೂರದರ್ಶನದ ನಿರ್ಮಾಪಕರಾಗಿದ್ದವರು ಕ್ಯಾಮೆರಾವನ್ನು ಬಿಟ್ಟುಕೊಟ್ಟದ್ದರಿಂದ ಮಾತ್ರ ಇವು ಹುಟ್ಟಲು ಸಾಧ್ಯವಾಯಿತು. ಅವರ ವೃತ್ತಿಜೀವನದ ಮುಖ್ಯ ಘಟನೆ ಯಾವುದೆಂದು ಕೇಳಿದರೆ ಅದನ್ನೇ ಹೆಸರಿಸಬೇಕಾಗುತ್ತದೆ.

ತನಿಖಾ ವರದಿಗಾರಿಕೆಯ ದೃಷ್ಟಿಯಿಂದ ಈ ಗುಂಪಿನ ಮುಖ್ಯ ಕೃತಿಗಳು ಹತ್ತಿಗೆ ಸಂಬಂಧಿಸಿದವು. 2002ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರದ ಅನುಮೋದನಾ ಸಮಿತಿಯು ಬಿಟಿ ಹತ್ತಿಯ ವಾಣಿಜ್ಯ ಬೇಸಾಯಕ್ಕೆ ಒಪ್ಪಿಗೆ ನೀಡಿತು. ಅದೇ ಮುಂಗಾರಿನಲ್ಲಿ ವಾರಂಗಲ್ ಜಿಲ್ಲೆಯ ರೈತರು ದುಬಾರಿ ಬೆಲೆ ತೆತ್ತು ಬೀಜ ಬಿತ್ತಿದರು. ಪಸ್ತಾಪುರದ ಮಹಿಳೆಯರು ಅಲ್ಲಿಗೆ ಹೋಗಿ, ಒಂದೇ ದಿನದಲ್ಲಿ ಚಿತ್ರೀಕರಿಸಿ ಮರಳದೆ, ಆ ಹಂಗಾಮಿನುದ್ದಕ್ಕೂ ಮತ್ತೆ ಮತ್ತೆ ಅದೇ ಹೊಲಗಳಿಗೆ ಭೇಟಿಯಿತ್ತರು. ಗಿಡ ಹಸಿರಾಗಿದ್ದಾಗ ರೈತನು ಹೇಳಿದ ಮಾತು, ಕಾಯಿ ಕಟ್ಟುವಾಗ ಹೇಳಿದ ಮಾತು, ಕೊಯ್ಲಿನ ನಂತರ ಲೆಕ್ಕ ಹಾಕಿ ಹೇಳಿದ ಮಾತು ಇವೆಲ್ಲವೂ ಒಂದೇ ಚಿತ್ರದಲ್ಲಿ ದಾಖಲಾದವು. ವಾರಂಗಲ್ ರೈತರ ಸಿಟ್ಟಿಗೆ ಕಾರಣವೇನು ಎಂಬ ಪ್ರಶ್ನೆಯನ್ನೇ ಶೀರ್ಷಿಕೆಯಾಗಿಸಿಕೊಂಡ ಈ ಸಾಕ್ಷ್ಯಚಿತ್ರವು 2003ರಲ್ಲಿ ಹೊರಬಂತು. ವಿಜ್ಞಾನಿಗಳಾದ ಅಬ್ದುಲ್ ಖಯ್ಯೂಂ ಮತ್ತು ಕಿರಣ್ ಸಕ್ಖರಿ ಅವರು ಅದೇ ಪ್ರದೇಶದಲ್ಲಿ ನಡೆಸಿದ ಕ್ಷೇತ್ರ ಅಧ್ಯಯನವೂ ಆ ವರ್ಷವೇ ಪ್ರಕಟವಾಯಿತು. ಅಂಕಿಸಂಖ್ಯೆ ಒಂದು ಕಡೆ, ಮುಖ ಮತ್ತು ಮಾತು ಇನ್ನೊಂದು ಕಡೆ. ಮುಂದಿನ ವರ್ಷಗಳಲ್ಲಿ ಈ ಮಹಿಳೆಯರು ಹತ್ತಿಯ ಜಾಡು ಹಿಡಿದು ಆಫ್ರಿಕಾ ಖಂಡದ ರೈತರವರೆಗೂ ಕ್ಯಾಮೆರಾ ಕೊಂಡೊಯ್ದರು.

ಇಲ್ಲಿ ಒಂದು ಮಾತನ್ನು ಸೇರಿಸುವುದು ಅಗತ್ಯ. ಬಿಟಿ ಹತ್ತಿಯ ಪರವಿರೋಧ ಚರ್ಚೆ ಇಂದಿಗೂ ಮುಗಿದಿಲ್ಲ. 2002ರ ನಂತರದ ಒಂದು ದಶಕದಲ್ಲಿ ದೇಶದ ಹತ್ತಿ ಉತ್ಪಾದನೆ ಹೆಚ್ಚಿದ್ದು ಸತ್ಯ. ಅದಕ್ಕೆ ಬೀಜವೇ ಕಾರಣವೋ, ನೀರಾವರಿ ಮತ್ತು ಗೊಬ್ಬರಗಳೋ ಎಂಬುದರ ಬಗ್ಗೆ ಕೃಷಿ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ಸತೀಶ್ ಮತ್ತು ಸಂಗಡಿಗರು ತಟಸ್ಥರಾಗಿರಲಿಲ್ಲ, ತಟಸ್ಥರೆಂದು ಹೇಳಿಕೊಳ್ಳಲೂ ಇಲ್ಲ. ಅವರ ಚಿತ್ರದ ಬೆಲೆ ಇರುವುದು ಅದರ ತೀರ್ಪಿನಲ್ಲಿ ಅಲ್ಲ, ಅದರ ಪದ್ಧತಿಯಲ್ಲಿ: ಬೆಳೆಯ ಕಾಲವನ್ನೇ ವರದಿಯ ಕಾಲವಾಗಿಸಿಕೊಂಡದ್ದು, ಪ್ರಶ್ನೆ ಕೇಳುವವಳೂ ಹೊಲದಲ್ಲಿ ಕಳೆ ಕಿತ್ತವಳೇ ಆಗಿದ್ದದ್ದು. ಕಾಯಿಕೊರಕದ ಬಗ್ಗೆ ರೈತನು ಹೇಳಿದಾಗ ಅವಳು ಗಿಡದ ಬುಡಕ್ಕೆ ಬಾಗಿ ನೋಡುತ್ತಾಳೆ. ನಗರದ ವರದಿಗಾರನಿಗೆ ಆ ಚಲನೆ ಸುಲಭವಾಗಿ ಬಾರದು.

ಈಗ ಮನ್ನಣೆಯ ವಿಚಾರ. ಯುನೆಸ್ಕೊ ಸಂಸ್ಥೆಯು 1990ರ ದಶಕದ ಕೊನೆಯಲ್ಲಿಯೇ ಇಲ್ಲಿನ ಧ್ವನಿಮುದ್ರಣ ಕೇಂದ್ರಕ್ಕೆ ನೆರವು ನೀಡಿತ್ತು. ಆದರೆ ಸಮುದಾಯ ಬಾನುಲಿಗೆ ದೇಶದಲ್ಲಿ ಪರವಾನಗಿ ಇರಲಿಲ್ಲವಾದ್ದರಿಂದ ಮುದ್ರಿಸಿದ ಕಾರ್ಯಕ್ರಮಗಳನ್ನು ಮಹಿಳೆಯರು ಸಂಘದ ಸಭೆಗಳಲ್ಲಿ ಟೇಪ್ ರೆಕಾರ್ಡರಿನಿಂದ ಕೇಳಿಸುತ್ತ ವರ್ಷಗಳನ್ನು ಕಳೆದರು. 2008ರ ಅಕ್ಟೋಬರ್ 15ರಂದು ಮಾಚನೂರಿನಲ್ಲಿ ‘ಸಂಘಂ ರೇಡಿಯೋ’ ಪ್ರಸಾರ ಆರಂಭಿಸಿತು. ಗ್ರಾಮೀಣ ಸಮುದಾಯ ಬಾನುಲಿಗಳಲ್ಲಿ ಇದು ದೇಶದಲ್ಲೇ ಮೊದಲ ಸಾಲಿನದು. ಜನರಲ್ ನರಸಮ್ಮ ಮತ್ತು ಅಲ್ಗೋಲ್ ನರಸಮ್ಮ ಅದರ ಧ್ವನಿಗಳಾದರು. 2019ರ ಈಕ್ವೇಟರ್ ಪ್ರಶಸ್ತಿಯು ಹವಾಮಾನ ಬದಲಾವಣೆಗೆ ಪ್ರಕೃತಿಯ ಆಧಾರದ ಪರಿಹಾರ ಕಂಡುಕೊಂಡ ಸ್ಥಳೀಯ ಸಮುದಾಯಗಳಿಗೆ ಮೀಸಲಾಗಿತ್ತು. ಆ ವರ್ಷ ಪ್ರಪಂಚದ ಹಲವು ದೇಶಗಳ ಸಮುದಾಯಗಳೊಂದಿಗೆ ಪಸ್ತಾಪುರದ ಹೆಸರೂ ಸೇರಿತು.

ಹೀಗೆ ಮನ್ನಣೆ ಬಂದದ್ದು ಸಿರಿಧಾನ್ಯಕ್ಕೆ, ಬೀಜ ವೈವಿಧ್ಯಕ್ಕೆ, ಹವಾಮಾನಕ್ಕೆ. ಸತೀಶ್ ಅವರನ್ನು ಪತ್ರಿಕೆಗಳು ‘ಸಿರಿಧಾನ್ಯದ ಮನುಷ್ಯ’ ಎಂದೇ ಗುರುತಿಸಿದವು. ವಿಶ್ವಸಂಸ್ಥೆಯು ಘೋಷಿಸಿದ ಸಿರಿಧಾನ್ಯ ವರ್ಷವಾದ 2023ರಲ್ಲಿ, ದೆಹಲಿಯಲ್ಲಿ ಜಾಗತಿಕ ಸಿರಿಧಾನ್ಯ ಸಮ್ಮೇಳನ ಉದ್ಘಾಟನೆಗೊಂಡ ಮರುದಿನ, ಮಾರ್ಚ್ 19ರಂದು, ಅವರು ಹೈದರಾಬಾದಿನಲ್ಲಿ ನಿಧನರಾದರು. ಅವರ ನೆನಪಿನಲ್ಲಿ ಬಂದ ಬರಹಗಳಲ್ಲಿ ಧಾನ್ಯದ ಮಾತು ಹೆಚ್ಚು, ಕ್ಯಾಮೆರಾದ ಮಾತು ಕಡಿಮೆ. ಪ್ರಶಸ್ತಿಯ ಭಾಷೆಗೆ ಒಂದು ವಿಭಾಗ ಬೇಕು, ಒಂದು ಹೆಸರು ಬೇಕು, ಒಂದು ಮುಖ ಬೇಕು. ಹೊಲ, ಬೀಜ, ಅಡುಗೆ, ಹಾಡು, ಚಿತ್ರ ಇವು ಒಂದೇ ಕೆಲಸದ ಮುಖಗಳಾಗಿರುವಲ್ಲಿ ಅಂಥ ವಿಭಾಗೀಕರಣ ಹೊಂದುವುದಿಲ್ಲ. ಹಾಗೆ ನೋಡಿದರೆ ಜಾನಪದ ವಿದ್ವಾಂಸರೂ ಇದೇ ತಪ್ಪನ್ನು ಮಾಡುತ್ತ ಬಂದಿದ್ದಾರೆ. ಬಿತ್ತುವ ಹಾಡನ್ನು ಬಿತ್ತನೆಯಿಂದ ಬೇರ್ಪಡಿಸಿ ಸಂಕಲನದಲ್ಲಿ ಅಚ್ಚು ಹಾಕಿಸಿದ್ದಾರೆ. ಉತ್ತರಪ್ರದೇಶದ ಚಿತ್ರಕೂಟದಲ್ಲಿ 2002ರಲ್ಲಿ ಆರಂಭವಾದ, ಗ್ರಾಮೀಣ ಮಹಿಳೆಯರೇ ನಡೆಸುವ ‘ಖಬರ್ ಲಹರಿಯಾ’ ಪತ್ರಿಕೆಗೆ 2009ರಲ್ಲಿ ಯುನೆಸ್ಕೊದ ಸಾಕ್ಷರತಾ ಪ್ರಶಸ್ತಿ ಬಂದಾಗಲೂ ಹೀಗೆಯೇ ಆಗಿತ್ತು. ಅವರು ಮಾಡುತ್ತಿದ್ದದ್ದು ವರದಿಗಾರಿಕೆ. ಮನ್ನಣೆ ಬಂದದ್ದು ಅಕ್ಷರ ಕಲಿಕೆಯ ಹೆಸರಿನಲ್ಲಿ.

ಈ ಹಿನ್ನೆಲೆಯಲ್ಲಿ ರಾಯಚೂರಿಗೆ ಮರಳಿದರೆ, ಸೈಟ್‌ನ ನಂತರದ ಕಥೆ ಬೇರೆಯಾಗಿಯೇ ಕಾಣುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯು ಮಾನ್ವಿಯ ಬಹುಭಾಗವನ್ನು ಭತ್ತದ ಸೀಮೆಯಾಗಿಸಿತು. ದೇವದುರ್ಗಕ್ಕೆ ನಾರಾಯಣಪುರ ಬಲದಂಡೆ ಕಾಲುವೆ ಬಂದದ್ದು ತಡವಾಗಿ. ನೀರು ತಲುಪದ ಊರುಗಳಿಂದ ಪ್ರತಿವರ್ಷ ಕುಟುಂಬಗಳು ಬೆಂಗಳೂರು, ಪುಣೆ, ಮುಂಬಯಿಗಳಿಗೆ ಗುಳೆ ಹೋಗುವುದು ವಾಡಿಕೆ. ಮಳೆಯಾಶ್ರಿತ ಹೊಲಗಳಲ್ಲಿ ತೊಗರಿಯ ಜೊತೆ ಹತ್ತಿ ಹಬ್ಬಿತು. ಹತ್ತಿಯ ನಡುವೆ ಇರುತ್ತಿದ್ದ ಅಕ್ಕಡಿ ಸಾಲುಗಳು, ಆ ಸಾಲಿನ ಸಜ್ಜೆ, ಪುಂಡಿ, ಹೆಸರು ಕಡಿಮೆಯಾದವು. 2015ರ ಹಂಗಾಮಿನಲ್ಲಿ ಗುಲಾಬಿ ಕಾಯಿಕೊರಕವು ಈ ಭಾಗದ ಬಿಟಿ ಹತ್ತಿಯನ್ನೂ ಬಿಡಲಿಲ್ಲ. ವಾರಂಗಲ್‌ನ ಹೊಲದಲ್ಲಿ ಹಂಗಾಮಿನುದ್ದಕ್ಕೂ ನಿಂತಂಥ ಕ್ಯಾಮೆರಾ ಇಲ್ಲಿ ನಿಲ್ಲಲಿಲ್ಲ.

ಕ್ಯಾಮೆರಾ ದೇವದುರ್ಗಕ್ಕೆ ಬಂದದ್ದು ಮ���ೊಂದು ಕಾರಣಕ್ಕೆ. 2011ರಲ್ಲಿ ರಾಯಚೂರು ಜಿಲ್ಲೆಯ ಮಕ್ಕಳ ಅಪೌಷ್ಟಿಕತೆಯನ್ನು ಕನ್ನಡದ ಸುದ್ದಿವಾಹಿನಿಗಳೂ ಪತ್ರಿಕೆಗಳೂ ಬೆಳಕಿಗೆ ತಂದವು. 2009ರ ಏಪ್ರಿಲ್‌ನಿಂದ 2011ರ ಆಗಸ್ಟ್‌ವರೆಗೆ ಜಿಲ್ಲೆಯಲ್ಲಿ ಆರು ವರ್ಷದೊಳಗಿನ 2,689 ಮಕ್ಕಳು ಸಾವನ್ನಪ್ಪಿದರೆಂಬ ಅಂಕಿ ವ್ಯಾಪಕವಾಗಿ ವರದಿಯಾಯಿತು. ಇವೆಲ್ಲ ಅಪೌಷ್ಟಿಕತೆಯ ಸಾವುಗಳೇ ಎಂಬ ಬಗ್ಗೆ ವಿವಾದವೆದ್ದಿತು. ವಿವಾದಕ್ಕೆ ಆಸ್ಪದವಿರುವುದು ಸಹಜ. ಏಕೆಂದರೆ ಹಸಿವಿನಿಂದ ಕೃಶವಾದ ಮಗು ಕೊನೆಗೆ ಸಾಯುವುದು ಭೇದಿಯಿಂದಲೋ ನ್ಯುಮೋನಿಯಾದಿಂದಲೋ, ದಾಖಲೆಯಲ್ಲಿ ಬರೆಯುವುದು ಆ ರೋಗದ ಹೆಸರನ್ನೇ. ಮಗುವಿನ ತೋಳಿನ ಸುತ್ತಳತೆ 115 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಅದು ತೀವ್ರ ಅಪೌಷ್ಟಿಕತೆ ಎಂಬ ಅಳತೆ ಇದೆ. ಅಳೆಯುವ ದಿನ ಮಗು ಊರಿನಲ್ಲಿರಬೇಕಷ್ಟೆ. ತಂದೆತಾಯಿಯರ ಜೊತೆ ಗುಳೆ ಹೋದ ಮಗು ಅಂಗನವಾಡಿಯ ಪಟ್ಟಿಯಲ್ಲಿಯೂ ಇರುವುದಿಲ್ಲ, ನಗರದ ಪಟ್ಟಿಯಲ್ಲಿಯೂ ಇರುವುದಿಲ್ಲ.

ಆ ವರದಿಗಳಿಂದ ಪ್ರಯೋಜನವಾಗಲಿಲ್ಲವೆಂದು ಹೇಳಲಾಗದು. ವಿಷಯವು ರಾಜ್ಯದ ಉಚ್ಚ ನ್ಯಾಯಾಲಯದ ಮುಂದೆ ಬಂದು, ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಅವರ ಅಧ್ಯಕ್ಷತೆಯ ಸಮಿತಿಯು 2012ರಲ್ಲಿ ವರದಿ ನೀಡಿತು. 2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯ ಯೋಜನೆ ಆರಂಭವಾಯಿತು. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತು ವಿಜಯಪುರದ ಶಾಲಾ ಮಕ್ಕಳಿಗೆ ಮೊದಲಾಗಿ ಮೊಟ್ಟೆ ಕೊಡಲಾಯಿತು. ಒಂದು ವರದಿಯಿಂದಲೇ ಇವೆಲ್ಲ ಆದವೆಂದು ಹೇಳುವುದು ಅತಿಶಯೋಕ್ತಿಯಾದೀತು. ಆಹಾರದ ಹಕ್ಕಿನ ಹೋರಾಟವು 2001ರಿಂದಲೇ ಸರ್ವೋಚ್ಚ ನ್ಯಾಯಾಲಯದಲ್ಲಿ ನಡೆದಿತ್ತು, ಜಿಲ್ಲೆಯ ಮಹಿಳಾ ಸಂಘಟನೆಗಳೂ ದನಿ ಎತ್ತಿದ್ದವು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ವಯಸ್ಸಿಗೆ ತಕ್ಕ ಎತ್ತರವಿಲ್ಲದ ಐದು ವರ್ಷದೊಳಗಿನ ಮಕ್ಕಳ ಪ್ರಮಾಣ 2015-16ರಲ್ಲಿ ಶೇಕಡಾ 36.2 ಇದ್ದದ್ದು 2019-20ರಲ್ಲಿ 35.4ಕ್ಕೆ ಮಾತ್ರ ಇಳಿದಿತ್ತು.

ಜಾನಪದದ ಕಣ್ಣಿಗೆ ಬೀಳುವ ಪ್ರಶ್ನೆ ಬೇರೊಂದಿದೆ. ಈ ಸೀಮೆಯ ತಾಯಿ ತನ್ನ ಮಗು ಸೊರಗಿದಾಗ ಅದನ್ನು ಪರರ ಕಣ್ಣಿನಿಂದ ಮರೆಮಾಡುತ್ತಾಳೆ. ದೃಷ್ಟಿ ತಾಗೀತೆಂದು ಕೆನ್ನೆಗೆ ಕಾಡಿಗೆಯ ಬೊಟ್ಟಿಡುತ್ತಾಳೆ, ಮೆಣಸಿನಕಾಯಿ ಉಪ್ಪು ನಿವಾಳಿಸುತ್ತಾಳೆ, ಹಕ್ಕಿಯ ನೆರಳು ಬಿದ್ದಿದೆಯೆಂದು ಹಿರಿಯರನ್ನು ಕೇಳುತ್ತಾಳೆ. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವ ಅವಸರದಲ್ಲಿ ಅದರೊಳಗಿನ ಮಾನ ರಕ್ಷಣೆಯ ಅಂಶವು ಮರೆತುಹೋಗುತ್ತದೆ. ನಿಂತ ಕ್ಯಾಮೆರಾಮನ್‌ನ ಎದುರಿಗೆ ಚಾಪೆಯ ಮೇಲೆ ಅಂಗಿ ಬಿಚ್ಚಿ ಮಲಗಿಸಿದ ಮಗುವಿನ ಪಕ್ಕೆಲುಬುಗಳ ಚಿತ್ರವು ಅಂಥ ಸುದ್ದಿಗಳಲ್ಲಿ ದೇಶದೆಲ್ಲೆಡೆ ಕಾಣುವ ಚಿತ್ರ. ಪಸ್ತಾಪುರದ ಮಹಿಳೆಯರ ಭಾಷೆಯಲ್ಲಿ ಹೇಳುವುದಾದರೆ ಅದು ಪಟೇಲ್ ಶಾಟ್. ಅದು ಸುಳ್ಳಲ್ಲ, ಆ ಚಿತ್ರವಿಲ್ಲದೆ ಆಡಳಿತವು ಎಚ್ಚೆತ್ತುಕೊಳ್ಳುತ್ತಲೂ ಇರಲಿಲ್ಲವೇನೋ. ಆದರೆ ತಾಯಿಯ ಕೂಲಿ ಎಷ್ಟು, ಗುಳೆ ಹೋದ ತಿಂಗಳುಗಳು ಯಾವುವು, ಹೊಲದಿಂದ ಸಜ್ಜೆ ಹೋದ ವರ್ಷ ಯಾವುದು, ಅಂಗನವಾಡಿಯ ಚೀಲದಲ್ಲಿ ಬಂದದ್ದನ್ನು ಮಗು ತಿಂದಿತೇ ಎಂಬುದು ಆ ಎತ್ತರದಿಂದ ಕಾಣುವುದಿಲ್ಲ. ಅದನ್ನು ಕೇಳಬೇಕಾದರೆ ಚಾಪೆಯ ಮೇಲೆ ಕೂರಬೇಕು, ಎರಡನೆಯ ಸಲ ಬರಬೇಕು.

ತಾಲ್ಲೂಕು ಕೇಂದ್ರಗಳಿಂದ ವಾಹಿನಿಗಳಿಗೆ ಸುದ್ದಿ ಕಳುಹಿಸುವವರ ಸ್ಥಿತಿಯನ್ನೂ ಇಲ್ಲಿ ನೆನೆಯಬೇಕು. ದೇವದುರ್ಗದ ಒಂದು ಊರಿಗೆ ಮೊದಲು ತಲುಪುವವನು ಬಹುಮಟ್ಟಿಗೆ ಸುದ್ದಿಯೊಂದಕ್ಕೆ ಇಷ್ಟೆಂದು ಸಂಭಾವನೆ ಪಡೆಯುವ ಸ್ಥಳೀಯ ವರದಿಗಾರ. ಅವನಿಗೆ ಎರಡನೆಯ ಸಲ ಹೋಗಲು ಪೆಟ್ರೋಲಿನ ಹಣವೂ ದೊರೆಯದು. ಸುದ್ದಿ ದೊಡ್ಡದಾದಾಗ ಅದನ್ನು ಓದುವ ಮುಖ ಬೆಂಗಳೂರಿನದು. ಲಾವಣಿಕಾರನಿಗಿದ್ದ ಮುದ್ರಿಕೆಯ ಸಾಲು ಇವನಿಗಿಲ್ಲ. ರವೀಶ್ ಕುಮಾರ್ ಅವರಿಗೆ ಪ್ರಶಸ್ತಿ ಬಂದಾಗ ಅದರ ಉಲ್ಲೇಖದಲ್ಲಿ ದನಿಯಿಲ್ಲದವರಿಗೆ ದನಿಯಾದವರು ಎಂಬರ್ಥದ ಮಾತಿತ್ತು. ಪಸ್ತಾಪುರದ ಅನುಭವವು ಈ ಮಾತಿಗೆ ಒಂದು ತಿದ್ದುಪಡಿಯನ್ನು ಸೂಚಿಸುತ್ತದೆ: ಅಲ್ಲಿನ ಮಹಿಳೆಯರಿಗೆ ದನಿ ಮೊದಲಿನಿಂದಲೂ ಇತ್ತು, ಇಲ್ಲದಿದ್ದದ್ದು ಯಂತ್ರ ಮತ್ತು ಅನುಮತಿ.

ರಾಯಚೂರು ಸೀಮೆಯ ಮಾಧ್ಯಮ ಚರಿತ್ರೆಯನ್ನು ಬರೆಯಲು ಬೇಕಾದ ಸಾಮಗ್ರಿಯು ಎರಡು ಕಡೆ ಚದುರಿದೆ. ಸೈಟ್ ಕಾಲದ ಅಧ್ಯಯನ ವರದಿಗಳು ಗ್ರಂಥಾಲಯಗಳಲ್ಲಿವೆ. ಅವುಗಳಲ್ಲಿ ನೋಡುಗರ ಸಂಖ್ಯೆ, ಹಾಜರಾತಿ, ಮಾಹಿತಿಯ ಹೆಚ್ಚಳ ದೊರೆಯುತ್ತವೆ. ನೋಡಿದವರು ಆ ಪೆಟ್ಟಿಗೆಗೆ ಯಾವ ಹೆಸರಿಟ್ಟರು, ಯಾವ ಜಾತಿಯವರು ಕಟ್ಟೆಯ ಮೇಲೆ ಕೂತರು, ಯಾರು ದೂರ ನಿಂತು ನೋಡಿದರು, ಹೈದರಾಬಾದಿನ ಕನ್ನಡವನ್ನು ಊರ ಕನ್ನಡಕ್ಕೆ ತಿರುಗಿಸಿ ಹೇಳಿದವರು ಯಾರು, ಉಪಗ್ರಹವನ್ನು ಅಮೆರಿಕವು ಹಿಂದಕ್ಕೆ ಪಡೆದು ಪರದೆ ಕತ್ತಲಾದ ದಿನ ಏನು ಮಾತಾಡಿಕೊಂಡರು ಎಂಬುದು ಜನರ ನೆನಪಿನಲ್ಲಿ ಮಾತ್ರ ಇದೆ. 1975ರಲ್ಲಿ ಶಾಲೆಯ ಅಂಗಳದಲ್ಲಿ ಕುಳಿತು ಅದನ್ನು ನೋಡಿದ ಮಕ್ಕಳು ಈಗ ಅರವತ್ತರ ಆಸುಪಾಸಿನಲ್ಲಿದ್ದಾರೆ. ಆಗಿನ ದೊಡ್ಡವರಲ್ಲಿ ಉಳಿದವರು ಕೆಲವರೇ. ಜಿಲ್ಲೆಯ ಕ್ಷೇತ್ರಕಾರ್ಯಗಳಲ್ಲಿ ರಿವಾಯತ್, ತತ್ವಪದ, ಗೀಗೀಪದಗಳ ಸಂಗ್ರಹಕ್ಕೆ ದೊರೆತ ಗಮನದಲ್ಲಿ ಅಲ್ಪಭಾಗವಾದರೂ ಈ ನೆನಪುಗಳ ಸಂಗ್ರಹಕ್ಕೆ ಸಲ್ಲಬೇಕಾಗಿದೆ, ಅದೂ ಬೇಗನೆ.